ಮೊದಲ ಇಪ್ಪತ್ತು ನಿಮಿಷ: ಕೊಡಗಿನ ತೋಟದವರಿಗೊಂದು ಬಹಿರಂಗ ಪತ್ರ

ಕೊಡಗಿನ ಕಾಫಿ ತೋಟಗಳ ಮಾಲೀಕರೇ, ಮ್ಯಾನೇಜರುಗಳೇ, ರೈಟರುಗಳೇ, ಮೇಸ್ತ್ರಿಗಳೇ,



ತೋಟದಲ್ಲಿ ಯಾರಿಗಾದರೂ ಬೆಂಕಿ ತಗುಲಿದರೆ, ಕುದಿನೀರು ಮೈಮೇಲೆ ಚೆಲ್ಲಿದರೆ ಮೊದಲು ಸುದ್ದಿ ಮುಟ್ಟುವುದು ನಿಮಗೆ. ಕಾರ್ಮಿಕರ ಲೈನ್ ಮನೆಯಿಂದ ಯಾರೋ ಓಡಿಬಂದು ಮೇಸ್ತ್ರಿಗೆ ಹೇಳುತ್ತಾರೆ, ಮೇಸ್ತ್ರಿ ರೈಟರಿಗೆ ತಿಳಿಸುತ್ತಾರೆ, ರೈಟರು ಬಂಗಲೆಗೆ ಫೋನ್ ಮಾಡುತ್ತಾರೆ, ಆಮೇಲೆ ಜೀಪು ಹೊರಡುತ್ತದೆ. ಅಷ್ಟು ಹೊತ್ತಿಗೆ ಗಾಯದ ಮೇಲೆ ಟೂತ್‌ಪೇಸ್ಟೋ, ಅರಿಶಿನವೋ, ಕಾಫಿಪುಡಿಯೋ, ತೆಂಗಿನೆಣ್ಣೆಯೋ, ಮೊಟ್ಟೆಯ ಬಿಳಿಯೋ ಮೆತ್ತಿಕೊಂಡಿರುತ್ತದೆ. ಹಚ್ಚಿದವರದು ಒಳ್ಳೆಯ ಮನಸ್ಸೇ. ಆದರೆ ಸುಟ್ಟ ಚರ್ಮಕ್ಕೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ನಲ್ಲಿಯ ತಣ್ಣೀರು ಮಾತ್ರ. ಅದೂ ಒಂದೆರಡು ಚೊಂಬು ಸಾಲದು, ಪೂರ್ತಿ ಇಪ್ಪತ್ತು ನಿಮಿಷ ಹರಿಯಬೇಕು.

ಕಾವೇರಿ ಹುಟ್ಟುವ, ಮಳೆಗಾಲದಲ್ಲಿ ಗೋಡೆಯೂ ಒದ್ದೆಯಾಗುವ ಈ ಜಿಲ್ಲೆಯಲ್ಲಿ ಬೇಸಿಗೆ ಬಿಟ್ಟರೆ ನೀರಿಗೆ ಬರವಿಲ್ಲ. ಇಲ್ಲಿನ ನಲ್ಲಿ, ಬಾವಿಗಳ ನೀರು ವರ್ಷದ ಬಹುಪಾಲು ತಾನಾಗಿಯೇ ತಣ್ಣಗಿರುತ್ತದೆ. ಇಂಥ ಕಡೆಯೂ ಸುಟ್ಟಗಾಯಕ್ಕೆ ನೀರು ಹಾಕಲು ಜನ ಹೆದರುತ್ತಾರೆ. ನೀರು ಬಿದ್ದರೆ ಬೊಬ್ಬೆ ಏಳುತ್ತದೆ, ಗಾಯ ಕೀವಾಗುತ್ತದೆ ಎಂಬ ನಂಬಿಕೆ ಊರೂರಲ್ಲಿ ಬೇರೂರಿದೆ. ಅದನ್ನು ಕೀಳುವ ಶಕ್ತಿ ನಿಮಗಿದೆ ಎಂಬ ಭರವಸೆಯಿಂದಲೇ ಈ ಪತ್ರ.

ನೀರು ಮಾಡುವ ಕೆಲಸವೇನು? ಒಲೆಯಿಂದ ಇಳಿಸಿದ ಮೇಲೂ ಹಿತ್ತಾಳೆ ಹಂಡೆ ಬಹಳ ಹೊತ್ತು ಕಾವು ಹಿಡಿದಿಟ್ಟುಕೊಳ್ಳುವಂತೆ, ಬೆಂಕಿ ದೂರವಾದ ಮೇಲೂ ಚರ್ಮದೊಳಗೆ ಬಿಸಿ ಉಳಿದು ಕೆಳಗಿನ ಪದರಗಳಿಗೆ ಇಳಿಯುತ್ತಲೇ ಇರುತ್ತದೆ. ಇಂಗ್ಲೆಂಡಿನ ವೈದ್ಯ ಡಗ್ಲಸ್ ಜಾಕ್ಸನ್ ಕಳೆದ ಶತಮಾನದ ಮಧ್ಯಭಾಗದಲ್ಲಿ ಸುಟ್ಟಗಾಯವನ್ನು ಮೂರು ವಲಯಗಳಾಗಿ ವಿಂಗಡಿಸಿ ವಿವರಿಸಿದರು. ನಡುವಿನ ವಲಯದ ಜೀವಕೋಶಗಳು ಸತ್ತೇ ಹೋಗಿರುತ್ತವೆ. ಹೊರ ಅಂಚಿನವು ಬರೀ ಕೆಂಪಾಗಿ ತಾವೇ ಚೇತರಿಸಿಕೊಳ್ಳುತ್ತವೆ. ಇವೆರಡರ ಮಧ್ಯೆ ಇರುವ ಪಟ್ಟಿಯ ಕೋಶಗಳಿಗೆ ರಕ್ತಸಂಚಾರ ಕುಗ್ಗಿರುತ್ತದೆ. ಅವು ಬದುಕುತ್ತವೆಯೋ ಸಾಯುತ್ತವೆಯೋ ಎಂಬುದು ಮುಂದಿನ ಗಂಟೆಗಳಲ್ಲಿ ತೀರ್ಮಾನವಾಗುತ್ತದೆ. ತಣ್ಣೀರು ಉಳಿಸುವುದು ಈ ಪಟ್ಟಿಯನ್ನು.

ಇದು ಹೊಸ ತಿಳಿವಳಿಕೆಯೇನೂ ಅಲ್ಲ. ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಅರ್ಲ್ ಸುಟ್ಟಗಾಯವನ್ನು ತಂಪು ಮಾಡುವ ಬಗ್ಗೆ 1799ರಲ್ಲೇ ಪುಸ್ತಕ ಬರೆದಿದ್ದರು. 1950ರ ದಶಕದ ಕೊನೆಯಲ್ಲಿ ಐಸ್‌ಲ್ಯಾಂಡಿನ ವೈದ್ಯ ಓಫೈಗರ್ ಓಫೈಗ್ಸನ್ ಪ್ರಯೋಗಗಳ ಮೂಲಕ ನೀರಿನ ಉಪಯೋಗವನ್ನು ತೋರಿಸಿಕೊಟ್ಟರು. ಈಚೆಗೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 2,495 ಮಕ್ಕಳ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿದಾಗ, ಸುಟ್ಟ ಮೂರು ಗಂಟೆಯೊಳಗೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಸಿಕ್ಕ ಮಕ್ಕಳಿಗೆ ಚರ್ಮದ ಕಸಿ ಬೇಕಾಗುವ ಸಂಭವ ಸುಮಾರು ಶೇ 40ರಷ್ಟು ಕಡಿಮೆ ಎಂದು ಕಂಡುಬಂತು. ಮೂರು ಗಂಟೆ ಎಂಬ ಮಾತನ್ನು ನೆನಪಿಡಬೇಕು. ಗಾಯಾಳು ಒಂದು ಗಂಟೆ ತಡವಾಗಿ ನಿಮ್ಮ ಕಣ್ಣಿಗೆ ಬಿದ್ದರೂ ನೀರು ಹಾಕುವುದು ವ್ಯರ್ಥವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ಪ್ರತಿ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಮಧ್ಯಮ ಅಥವಾ ತೀವ್ರ ಸುಟ್ಟಗಾಯಗಳಾಗುತ್ತವೆ. ಹೆಚ್ಚಿನವು ಆಗುವುದು ಅಡುಗೆಮನೆಯಲ್ಲಿ ಮತ್ತು ಕೆಲಸದ ಜಾಗದಲ್ಲಿ. ಕಾಫಿ ತೋಟದಲ್ಲಿ ಇವೆರಡೂ ಒಂದೇ ಬೇಲಿಯೊಳಗೆ ಇವೆ.

ಲೈನ್ ಮನೆಯ ಒಲೆಯಿಂದಲೇ ಹೊರಡಬಹುದು. ನೆಲಮಟ್ಟದ ಒಲೆ, ಇಕ್ಕಟ್ಟಿನ ಕೋಣೆ, ಅಲ್ಲೇ ಅಂಬೆಗಾಲಿಡುವ ಕೂಸು. ಕೊಯ್ಲಿನ ದಿನಗಳಲ್ಲಿ, ನವೆಂಬರಿನಿಂದ ಮಾರ್ಚ್‌ವರೆಗೆ, ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆಯೇ ಹಣ್ಣು ಕೊಯ್ಯಲು ಹೊರಡಬೇಕು. ಚಳಿಗೆ ಸ್ನಾನದ ನೀರು ಕುದಿಯುತ್ತಿರುತ್ತದೆ, ಚಿಕ್ಕವರನ್ನು ನೋಡಿಕೊಳ್ಳುವ ಭಾರ ಇನ್ನೊಂದು ಮಗುವಿನ ಮೇಲೆ ಬಿದ್ದಿರುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನೇ ಕೆಲವು ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ. ಮಕ್ಕಳ ಚರ್ಮ ಇನ್ನೂ ತೆಳು, ಅದಕ್ಕೆ ಅಷ್ಟು ಹೊತ್ತೂ ಬೇಡ. ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ ಆಮೇಲೆ ಬಿಸಿನೀರು ಬೆರೆಸುವ ರೂಢಿ, ಒಲೆಯನ್ನು ಸೊಂಟದೆತ್ತರಕ್ಕೆ ಏರಿಸುವ ಒಂದು ಕಟ್ಟೆ ಇದ್ದರೆ ಎಷ್ಟೋ ಮಕ್ಕಳು ಆಸ್ಪತ್ರೆ ಮೆಟ್ಟಿಲು ಹತ್ತದೆ ಉಳಿಯುತ್ತಾರೆ. ಕಟ್ಟೆಗೆ ಬೇಕಾದ ಇಟ್ಟಿಗೆ, ಸಿಮೆಂಟು ಒಂದು ದಿನದ ಗಾರೆ ಕೆಲಸದ್ದು. ತೋಟ ಕಾರ್ಮಿಕರ ವಸತಿ ಮತ್ತು ವೈದ್ಯಕೀಯ ಸೌಲಭ್ಯದ ಹೊಣೆ ಮಾಲೀಕರದು ಎಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಒಲೆಯ ಕಟ್ಟೆ ಆ ಹೊಣೆಯ ಮಾತಿಗೆ ಹೊರತಾದದ್ದಲ್ಲ.

ಇನ್ನು ತೋಟದ ಕೆಲಸ. ಮುಂಗಾರಿಗೆ ಮುಂಚೆ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸದ ತೋಟ ಕೊಡಗಿನಲ್ಲಿ ಅಪರೂಪ. ಶೇ 1ರ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ಎಲ್ಲ ಮೇಸ್ತ್ರಿಗಳಿಗೂ ಬಾಯಿಪಾಠ. ಸುಟ್ಟ ಸುಣ್ಣ ಅರಳಿಸುವಾಗ ಅದು ಕೊತಕೊತ ಕುದಿದು ಸಿಡಿಯುತ್ತದೆ. ಸಿಡಿದ ಹನಿ ಎರಡು ಬಗೆಯಲ್ಲಿ ಸುಡುತ್ತದೆ, ಬಿಸಿಯಿಂದ ಒಮ್ಮೆ, ಕ್ಷಾರದಿಂದ ಇನ್ನೊಮ್ಮೆ. ಕಣ್ಣಿಗೆ ಬಿದ್ದರಂತೂ ದೃಷ್ಟಿಯೇ ಹೋಗಬಹುದು. ಒಣ ಸುಣ್ಣದ ಪುಡಿ ಮೈಮೇಲೆ ಬಿದ್ದಿದ್ದರೆ ಮೊದಲು ಒಣ ಬಟ್ಟೆಯಿಂದ ಕೊಡವಬೇಕು, ಆಮೇಲೆ ಧಾರಾಳವಾಗಿ ನೀರು ಹಾಯಿಸಬೇಕು. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಅಗಲಿಸಿ ಹಿಡಿದು ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ತೊಳೆದು, ನೇರ ಆಸ್ಪತ್ರೆಗೆ ಒಯ್ಯಬೇಕು. ಸಂಪಾಜೆ, ಕರಿಕೆ ಕಡೆಯ ರಬ್ಬರ್ ತೋಟಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಸಿಡ್ ಚೆಲ್ಲಿದರೂ ಮದ್ದು ನೀರೇ. ಆಸಿಡ್ಡಿಗೆ ಸುಣ್ಣದ ನೀರು, ಸುಣ್ಣಕ್ಕೆ ಹುಳಿ ಎಂದು ಒಂದನ್ನು ಇನ್ನೊಂದರಿಂದ ಅಳಿಸಲು ಹೋದರೆ ಎರಡೂ ಬೆರೆತು ಮತ್ತಷ್ಟು ಬಿಸಿ ಹುಟ್ಟುತ್ತದೆ.

ಮೆಣಸು ಕೊಯ್ಲು ಮತ್ತು ಮರಗಸಿಯ ಕಾಲದಲ್ಲಿ ಅಪಾಯ ತಲೆಯ ಮೇಲೆಯೇ ಇರುತ್ತದೆ. ಸಿಲ್ವರ್ ಓಕ್‌ಗೆ ಒರಗಿಸಿದ ಅಲ್ಯೂಮಿನಿಯಂ ಏಣಿಯನ್ನು ಬಳ್ಳಿಯಿಂದ ಬಳ್ಳಿಗೆ ಎತ್ತಿ ಒಯ್ಯುವಾಗ ಅದು ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಕೊಡಗಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಹಾಗಾದಾಗ ಹತ್ತಿರದವರು ಓಡಿಹೋಗಿ ಹಿಡಿದೆಳೆಯುವುದು ಸಹಜ. ಹೀಗೆ ಒಬ್ಬರನ್ನು ಬಿಡಿಸಲು ಹೋಗಿ ಇಬ್ಬರು ಬಲಿಯಾಗುತ್ತಾರೆ. ಹೈಟೆನ್ಶನ್ ತಂತಿಯಾದರೆ ಒಣ ಕೋಲೂ ಕಾಯದು. ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಆಯಿತೆಂದು ಖಚಿತವಾಗುವವರೆಗೆ ಯಾರೂ ಹತ್ತಿರ ಸುಳಿಯಬಾರದು. ವಿದ್ಯುತ್ತಿನ ಸುಟ್ಟಗಾಯ ಹೊರಗೆ ಕಾಸಿನಗಲ ಕಂಡರೂ ಒಳಗೆ ಸ್ನಾಯು, ನರ, ಹೃದಯದವರೆಗೆ ಹಾನಿ ಮಾಡಿರಬಹುದು. ಆದ್ದರಿಂದ ಶಾಕ್ ಹೊಡೆದವರು ಎದ್ದು ನಡೆದಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಉಸಿರು ನಿಂತಿದ್ದರೆ ಎದೆ ಒತ್ತುವ ಕೆಲಸ ಆ ಕ್ಷಣವೇ ಶುರುವಾಗಬೇಕು.

ಇವುಗಳ ಜೊತೆಗೆ, ಕಳೆ ಕೊಚ್ಚುವ ಯಂತ್ರ ಇನ್ನೂ ಬಿಸಿಯಿರುವಾಗಲೇ ಪೆಟ್ರೋಲ್ ತುಂಬುವುದು, ಮಳೆಗಾಲದ ಕರೆಂಟಿಲ್ಲದ ರಾತ್ರಿಗಳಲ್ಲಿ ಬುಡ್ಡಿದೀಪ, ಹೋಂಸ್ಟೇ ಇಟ್ಟುಕೊಂಡವರ ಅಂಗಳದಲ್ಲಿ ಒದ್ದೆ ಸೌದೆ ಹೊತ್ತಿಸಲು ಪೆಟ್ರೋಲ್ ಎರಚುವ ಚಾಳಿ. ಇವೆಲ್ಲ ನಿಮಗೆ ತಿಳಿಯದ್ದಲ್ಲ.

ದೂರದ ಮಾತನ್ನೂ ಆಡಲೇಬೇಕು. ದೊಡ್ಡ ಸುಟ್ಟಗಾಯವಾದರೆ ಕೊಡಗಿನವರು ಕೊನೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಗಳೂರಿಗೋ ಹೋಗಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಇನ್ನೂ ಸ್ವಲ್ಪ ಹೆಚ್ಚು. ಬಿರುನಾಣಿ, ಕರಿಕೆಯಂಥ ಕಡೆಯವರಿಗೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯೇ ದೂರ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಕುಸಿದಾಗ ಮಂಗಳೂರು ಹೆದ್ದಾರಿಯೇ ಮುಚ್ಚಿಹೋಗಿತ್ತು. 2021ರ ಏಪ್ರಿಲ್‌ನಲ್ಲಿ ಪೊನ್ನಂಪೇಟೆ ತಾಲ್ಲೂಕಿನ ಕಾನೂರು ಬಳಿಯ ಮುಗುಟಗೇರಿಯಲ್ಲಿ ರಾತ್ರಿ ಮನೆಗೆ ಪೆಟ್ರೋಲ್ ಸುರಿದು ಬೆಂಕಿಯಿಟ್ಟ ಘೋರ ಪ್ರಕರಣದಲ್ಲಿ ಮಕ್ಕಳೂ ಸೇರಿ ಹಲವರು ಸತ್ತರು. ಬದುಕಿ ಹೊರಬಂದ ಗಾಯಾಳುಗಳನ್ನು ಮೈಸೂರಿಗೇ ಸಾಗಿಸಬೇಕಾಯಿತು. ಅಂಥ ಕ್ರೌರ್ಯದೆದುರು ಪ್ರಥಮ ಚಿಕಿತ್ಸೆ ಮಾಡಬಹುದಾದದ್ದು ಅಲ್ಪ. ಆದರೆ ಕೊಡಗಿನಲ್ಲಿ ಸುಟ್ಟ ಮನುಷ್ಯ ತಜ್ಞ ವೈದ್ಯರ ಕೈ ಸೇರುವ ಮುನ್ನ ಗಂಟೆಗಟ್ಟಲೆ ಸಾಮಾನ್ಯ ಜನರ ಕೈಯಲ್ಲೇ ಇರುತ್ತಾನೆ ಎಂಬುದನ್ನು ಆ ರಾತ್ರಿ ತೋರಿಸಿತು.

ಜೀಪು ಹುಡುಕುವ ಗಡಿಬಿಡಿಯಲ್ಲಿ ನೀರು ಮರೆತುಹೋಗುತ್ತದೆ. ಇಪ್ಪತ್ತು ನಿಮಿಷ ಇಲ್ಲೇ ಕಳೆದರೆ ತಡವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ತೋಟದ ಒಳದಾರಿಯಲ್ಲಿ ಗಾಡಿ ಬಂದು ನಿಲ್ಲಲು ಹೇಗೂ ಅಷ್ಟು ಹೊತ್ತು ಬೇಕು. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಗಾಡಿಗೆ ಓಡಲಿ, ಮೂರನೆಯವರು ನೀರು ಹಾಕುತ್ತಿರಲಿ. ಗಾಯಾಳು ಉಸಿರಾಡಲು ಕಷ್ಟಪಡುತ್ತಿದ್ದರೆ, ಮೂಗಿನಲ್ಲಿ ಮಸಿ ಕಂಡರೆ, ದನಿ ಗೊಗ್ಗರಾದರೆ ಮಾತ್ರ ಗಾಡಿ ಬಂದ ಕೂಡಲೇ ಹೊರಡಬೇಕು, ನೀರು ದಾರಿಯಲ್ಲಿ ಮುಂದುವರಿಯಲಿ.

ಮಾಡಬೇಕಾದ್ದು ಕ್ರಮವಾಗಿ ಇಷ್ಟು. ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ನೆಲಕ್ಕೆ ಕೆಡವಿ ಉರುಳಿಸಬೇಕು, ಇಲ್ಲವೇ ದಪ್ಪ ಕಂಬಳಿ ಹೊದಿಸಿ ನಂದಿಸಬೇಕು. ಆಮೇಲೆ ಸುಟ್ಟ ಭಾಗಕ್ಕೆ ನಲ್ಲಿಯಿಂದ, ಪೈಪಿನಿಂದ ಅಥವಾ ಚೊಂಬಿನಿಂದ ಎಡೆಬಿಡದೆ ತಣ್ಣೀರು. ಬಳೆ, ಉಂಗುರ, ಕಾಲುಂಗುರ, ವಾಚು, ಬೆಲ್ಟುಗಳನ್ನು ಊತ ಬರುವ ಮುನ್ನ ಬಿಚ್ಚಬೇಕು. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಕೀಳದೆ ಸುತ್ತಲಿನದನ್ನು ಕತ್ತರಿಸಬೇಕು. ಬೊಬ್ಬೆ ಒಡೆಯಬಾರದು. ಇಪ್ಪತ್ತು ನಿಮಿಷವಾದ ಮೇಲೆ ಅಡುಗೆಮನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೋ ಒಗೆದು ಒಣಗಿಸಿದ ಹತ್ತಿ ಬಟ್ಟೆಯನ್ನೋ ಸಡಿಲವಾಗಿ ಮುಚ್ಚಬೇಕು.

ಕೊಡಗಿನ ಚಳಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ನೀರು ಸುಟ್ಟ ಭಾಗದ ಮೇಲೆ ಮಾತ್ರ ಬೀಳಲಿ, ಉಳಿದ ಮೈಗೆ ಕಂಬಳಿ ಇರಲಿ. ಗಾಯ ತಣ್ಣಗೆ, ಮನುಷ್ಯ ಬೆಚ್ಚಗೆ. ಜುಲೈ ತಿಂಗಳ ಗಾಳಿಯಲ್ಲಿ ಎಳೆಗೂಸನ್ನು ಪೂರ್ತಿ ನೀರಲ್ಲಿ ಅದ್ದಿದರೆ ಮೈಯ ಶಾಖವೇ ಇಳಿದು ಇನ್ನೊಂದು ಅಪಾಯವಾಗುತ್ತದೆ. ಫ್ರಿಜ್ಜಿನ ಐಸನ್ನಂತೂ ಇಡಬಾರದು. ಅದು ರಕ್ತನಾಳಗಳನ್ನು ಕುಗ್ಗಿಸಿ ಉಳಿಯಬಹುದಾಗಿದ್ದ ಚರ್ಮವನ್ನೂ ಕೊಲ್ಲುತ್ತದೆ.

ಮನೆಮದ್ದನ್ನು ಇಲ್ಲಿ ತಾತ್ಸಾರ ಮಾಡುತ್ತಿಲ್ಲ. ಕೊಡಗಿನ ಜೇನಿಗೆ ಹೆಸರಿದೆ, ಸುಟ್ಟ ಕೂಡಲೇ ಜೇನು ಸವರುವ ಮನೆಗಳೂ ಇವೆ. ಜೇನಿಗೆ ಗಾಯ ಮಾಯಿಸುವ ಗುಣವಿರುವುದು ನಿಜ. ಮಹಾರಾಷ್ಟ್ರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ 1990ರ ದಶಕದಲ್ಲಿ ಈ ಬಗ್ಗೆ ನಡೆಸಿದ ಅಧ್ಯಯನಗಳು ಜಗತ್ತಿನ ಗಮನ ಸೆಳೆದವು. ಅರೆಆಳದ ಸುಟ್ಟಗಾಯ ಜೇನಿನ ಪಟ್ಟಿಯಿಂದ ಬೇಗ ಒಣಗುವಂತೆ ಕಾಣುತ್ತದೆ ಎಂದು 2015ರ ಕಾಕ್ರೇನ್ ಪರಾಮರ್ಶೆಯೂ ಹೇಳಿತು. ಬಾಳೆಲೆಯ ಕಥೆಯೂ ಇಂಥದ್ದೇ. ಮುಂಬೈನ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಟ್ಟಗಾಯದ ಮೇಲೆ ಹಾಕಿದ ಬಾಳೆಲೆಯ ಪಟ್ಟಿ ಚರ್ಮಕ್ಕೆ ಅಂಟದೆ, ಬದಲಿಸುವಾಗ ನೋವು ಕೊಡದೆ ಕೆಲಸ ಮಾಡಿತು. ಆದರೆ ಅವೆಲ್ಲ ಆಸ್ಪತ್ರೆಯಲ್ಲಿ, ಗಾಯ ತೊಳೆದ ಮೇಲೆ, ಕ್ರಿಮಿಶುದ್ಧ ಮಾಡಿದ ಎಲೆಯಿಂದ, ವೈದ್ಯರ ಕೈಯಿಂದ ಆದ ಕೆಲಸ. ಸುಟ್ಟ ಮೊದಲ ನಿಮಿಷದಲ್ಲಿ ಬಾಟಲಿಯ ಜೇನಾಗಲಿ, ಎಣ್ಣೆಯಾಗಲಿ, ಸುಣ್ಣದ ತಿಳಿಯಾಗಲಿ ಹಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ, ಗಾಯದ ಆಳ ವೈದ್ಯರಿಗೆ ಕಾಣದಾಗುತ್ತದೆ. ಮೆತ್ತಿದ್ದನ್ನು ಅವರು ಉಜ್ಜಿ ತೆಗೆಯುವಾಗ ಗಾಯಾಳು ಇನ್ನೊಮ್ಮೆ ನರಳಬೇಕು. ಮನೆಯ ಹಿರಿಯರಿಗೆ ಇದನ್ನು ಹೇಳುವಾಗ ಮದ್ದನ್ನು ಬೈಯುವುದು ಬೇಡ, ಮೊದಲು ನೀರು, ಉಳಿದದ್ದು ಡಾಕ್ಟರು ಹೇಳಿದ ಮೇಲೆ ಎಂದರೆ ಸಾಕು.

ಸೋಂಕು ಎಷ್ಟು ದೊಡ್ಡ ಶತ್ರು ಎಂಬುದನ್ನು ಕನ್ನಡನಾಡು ಕಣ್ಣಾರೆ ಕಂಡಿದೆ. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ದೇವಸ್ಥಾನವೊಂದರಲ್ಲಿ ರಾತ್ರಿ ಮಲಗಿದ್ದ ಒಂಬತ್ತು ಅಯ್ಯಪ್ಪ ಮಾಲಾಧಾರಿಗಳು ಅಡುಗೆ ಅನಿಲ ಸೋರಿ ಹೊತ್ತಿಕೊಂಡ ಬೆಂಕಿಯಲ್ಲಿ ಸುಟ್ಟುಕೊಂಡರು. ಎಲ್ಲರೂ ಜೀವಂತವಾಗಿಯೇ ಆಸ್ಪತ್ರೆ ಸೇರಿದರು. ಮುಂದಿನ ದಿನಗಳಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಎಂಟು ಮಂದಿ ತೀರಿಕೊಂಡರು. ದೊಡ್ಡ ಸುಟ್ಟಗಾಯ ಕೊಲ್ಲುವುದು ಹೀಗೆ. ಮೈಯ ನೀರಿನಂಶ ಸೋರಿಹೋಗುತ್ತದೆ, ಉಸಿರುದಾರಿ ಊದಿಕೊಳ್ಳುತ್ತದೆ, ಚರ್ಮದ ಕಾವಲು ಕಳೆದ ಮೈಗೆ ಕ್ರಿಮಿಗಳು ನುಗ್ಗುತ್ತವೆ. ಗಾಯಕ್ಕೆ ಏನನ್ನೂ ಮೆತ್ತದೆ ಶುಭ್ರ ಬಟ್ಟೆ ಮುಚ್ಚಿ ಕಳಿಸಿ ಎನ್ನುವುದರ ಹಿಂದಿರುವ ಕಾರಣ ಇದು. ಶಬರಿಮಲೆ ಕಾಲದಲ್ಲಿ ನಿಮ್ಮ ತೋಟಗಳಲ್ಲೂ ಮಾಲೆ ಧರಿಸಿದವರು ಒಟ್ಟಾಗಿ ಅಡುಗೆ ಮಾಡಿ ಮಲಗುತ್ತಾರೆ. ಸಿಲಿಂಡರ್ ಇಟ್ಟ ಕೋಣೆಯಲ್ಲಿ ಮಲಗದಂತೆ ನೋಡಿಕೊಳ್ಳುವುದು, ಅನಿಲ ಸೋರಿದರೆ 1906ಕ್ಕೆ ಕರೆ ಮಾಡಬೇಕೆಂದು ತಿಳಿಸುವುದು ನಿಮ್ಮಿಂದ ಆಗುವ ಕೆಲಸ.

ಯಾವ ಗಾಯಕ್ಕೆ ಆಸ್ಪತ್ರೆ ಬೇಕು? ಗಾಯಾಳುವಿನದೇ ಅಂಗೈ, ಬೆರಳು ಸೇರಿಸಿ, ಅವರ ಮೈಯ ಶೇ 1ರಷ್ಟು ಎಂದು ಲೆಕ್ಕ. ಅದಕ್ಕಿಂತ ದೊಡ್ಡ ಗಾಯ, ಮುಖ, ಕೈ, ಪಾದ, ಕೀಲು, ಗುಪ್ತಾಂಗಗಳ ಗಾಯ, ಆಸಿಡ್, ಸುಣ್ಣ, ಕರೆಂಟಿನ ಗಾಯ, ಚಿಕ್ಕ ಮಕ್ಕಳ ಮತ್ತು ವಯಸ್ಸಾದವರ ಗಾಯ ಇವೆಲ್ಲ ವೈದ್ಯರು ನೋಡಲೇಬೇಕಾದವು. ಬೆಳ್ಳಗೆ ಅಥವಾ ಕಪ್ಪಗೆ ತೊಗಲಿನಂತಾದ ಜಾಗ ನೋಯದಿದ್ದರೆ ಸಮಾಧಾನಪಡಬಾರದು. ಅಲ್ಲಿ ನರಗಳೇ ಸುಟ್ಟಿವೆ, ಗಾಯ ಅತಿ ಆಳದ್ದು ಎಂದರ್ಥ.

ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ತಕರಾರಿನಲ್ಲಿ ಸಿಕ್ಕಿಬೀಳುತ್ತೇವೆ ಎಂದು ಹಿಂಜರಿಯುವವರಿದ್ದಾರೆ. ತುರ್ತು ಸಂದರ್ಭದಲ್ಲಿ ನೆರವಾದವರನ್ನು ರಕ್ಷಿಸುವ ಕಾನೂನನ್ನು ಕರ್ನಾಟಕ 2016ರಲ್ಲೇ ರೂಪಿಸಿತು. ಆ ಭಯ ಬೇಡ.

ಈಗ ಕೋರಿಕೆಗೆ ಬರೋಣ. ವರ್ಷಕ್ಕೆರಡು ಸಲ, ಬೋರ್ಡೋ ಸಿಂಪಡಣೆಗೆ ಮುನ್ನ ಒಮ್ಮೆ, ಕೊಯ್ಲು ಶುರುವಾಗುವ ಮುನ್ನ ಇನ್ನೊಮ್ಮೆ, ಬೆಳಗಿನ ಹಾಜರಿಯ ಹೊತ್ತಿಗೆ ಅರ್ಧ ಗಂಟೆ ಮೀಸಲಿಡಿ. ಆ ಅರ್ಧ ಗಂಟೆಗೂ ಕೂಲಿ ಇರಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಅಥವಾ ಆಶಾ ಕಾರ್ಯಕರ್ತೆಯನ್ನು ಕರೆಸಿ. ಸೇನೆಯಿಂದ ನಿವೃತ್ತರಾದವರು ಕೊಡಗಿನ ಊರೂರಲ್ಲೂ ಇದ್ದಾರೆ, ಪ್ರಥಮ ಚಿಕಿತ್ಸೆ ಕಲಿತ ಅವರನ್ನೂ ಕೇಳಿಕೊಳ್ಳಿ. ಗೋಡೆಗೆ ಕನ್ನಡದ ಚೀಟಿ ಅಂಟಿಸಿದರೆ ಕೆಲಸ ಮುಗಿಯದು. ಲೈನ್ ಮನೆಗಳಲ್ಲಿ ಯರವ, ಕುರುಬ, ಮಲಯಾಳ, ತಮಿಳು, ತುಳು ಮಾತಾಡುವವರಿದ್ದಾರೆ, ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ನಲ್ಲಿ ಬಿಟ್ಟು, ಗಡಿಯಾರ ಹಿಡಿದು, ಒಬ್ಬರ ಕೈಯನ್ನು ನೀರಿನ ಕೆಳಗಿಟ್ಟು ತೋರಿಸಿ. ಇಪ್ಪತ್ತು ನಿಮಿಷ ಎಷ್ಟು ದೀರ್ಘ ಎಂಬುದು ಆಗಲೇ ತಿಳಿಯುವುದು. ನಿತ್ಯ ಒಲೆಯ ಮುಂದಿರುವ ಹೆಂಗಸರು, ಮನೆಯಲ್ಲಿ ಉಳಿಯುವ ಅಜ್ಜಿಯರು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಅಲ್ಲಿರಲಿ.

ಪ್ರತಿ ಲೈನಿಗೂ ನೀರು ನಿಲ್ಲದ ಒಂದು ನಲ್ಲಿ ಇರಲಿ. ತೋಡು ಬತ್ತುವ ಫೆಬ್ರವರಿ, ಮಾರ್ಚ್‌ನಲ್ಲಿ ಮುಚ್ಚಳವಿರುವ ಒಂದು ಡ್ರಮ್ಮು ಬೇರೆ ಯಾವುದಕ್ಕೂ ಮುಟ್ಟದಂತೆ ತುಂಬಿರಲಿ. ಸುಣ್ಣ ಅರಳಿಸುವ ಜಾಗದಲ್ಲಿ ಕನ್ನಡಕ, ಗ್ಲೌಸು, ಒಂದು ಬ್ಯಾರೆಲ್ ಶುದ್ಧ ನೀರು ಇರಲಿ. ತಂತಿ ಹಾದುಹೋಗುವ ಬ್ಲಾಕುಗಳಲ್ಲಿ ಅಲ್ಯೂಮಿನಿಯಂ ಏಣಿ ಬಳಸಬಾರದೆಂಬ ಕಟ್ಟುನಿಟ್ಟು ಇರಲಿ. ರೈಟರ ಆಫೀಸಿನಲ್ಲಿ ಶುಭ್ರ ಬಟ್ಟೆಯ ಕಟ್ಟು, ಕತ್ತರಿ, ಕಂಬಳಿ ಇರಲಿ. ರಾತ್ರಿ ಹೊತ್ತು ಬರುವ ಡ್ರೈವರ್ ಯಾರು, ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಜಾಗ ಯಾವುದು ಎಂಬುದು ಪ್ರತಿ ಮನೆಗೂ ಗೊತ್ತಿರಲಿ. ಗಾಯಾಳುವಿನ ಜೊತೆ ಆಸ್ಪತ್ರೆಗೆ ಹೋದವರ ಆ ದಿನದ ಕೂಲಿ ಕತ್ತರಿಸಬೇಡಿ. ಕೂಲಿ ಹೋಗುತ್ತದೆಂಬ ಅಂಜಿಕೆಯಿಂದ ಜನ ಗಾಯ ಮುಚ್ಚಿಟ್ಟುಕೊಳ್ಳುವಂತಾಗಬಾರದು.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಿಲ್ಲ. ಬರುವ ಸೋಮವಾರದ ಹಾಜರಿಯಲ್ಲೇ ಶುರು ಮಾಡಿ ಎಂಬುದು ಈ ಪತ್ರದ ಮನವಿ.

ಇಂತಿ ವಿಶ್ವಾಸದಿಂದ,
ತೋಟದ ಜನರ ಹಿತ ಬಯಸುವವರು